ಕೋತಿ–ಮೊಸಳೆ ಕಥೆಗೆ ರಾಗ ಹಾಕುತ್ತಿದ್ದೇನೆ, ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತಿದೆ

ಹಾಡಿನ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಶಾಲೆ ವಾರ್ಷಿಕೋತ್ಸವಕ್ಕೆ ಪಂಚತಂತ್ರದ ಕೋತಿ–ಮೊಸಳೆ ಕಥೆಯನ್ನು ಮಕ್ಕಳಿಂದ ಹಾಡಿಸಬೇಕು ಅಂತಿದ್ದೇನೆ. ಅದೇ, ನೇರಳೆ ಮರದ ಕೋತಿ, ಹೆಂಡತಿ ಮಾತು ಕೇಳಿ ಅದರ ಗುಂಡಿಗೆ ತರೋಕೆ ಹೊರಟ ಮೊಸಳೆ. ಹಾರ್ಮೋನಿಯಂ, ತಬಲಾ, ಕೊಳಲು, ಒಂದು ಪಿಟೀಲು, ಒಂದು ಕೀಬೋರ್ಡ್ ಇದೆ. ಎಲ್ಲವನ್ನೂ ಮೋಹನ ರಾಗದಲ್ಲಿ, ಎಂಟು ಎಣಿಕೆಯ ಆದಿತಾಳದಲ್ಲಿ ಮಾಡಿಬಿಟ್ಟೆ. ಈಗ ಕೋತಿ ಹಾಡೋದು ಯಾವುದು, ಮೊಸಳೆ ಹಾಡೋದು ಯಾವುದು ಗೊತ್ತೇ ಆಗ್ತಿಲ್ಲ. ಮೊಸಳೆ ಪಾತ್ರದ ಹುಡುಗನಿಗೆ ಕೆಳಗಿನ ಸ್ವರ ಹತ್ತುತ್ತಲೂ ಇಲ್ಲ. ಏನು ಮಾಡಲಿ?

ಮದ್ದಳೆ_ಪೆಟ್ಟು:
ಮೇಷ್ಟ್ರೇ, ರಾಗಕ್ಕಿಂತ ಮೊದಲು ಸಾಹಿತ್ಯದ ಮಾತ್ರೆ (ಅಕ್ಷರ ಹೇಳೋಕೆ ಹಿಡಿಯೋ ಕಾಲದ ಎಣಿಕೆ) ನೋಡಿ, ತಾಳ ಅಲ್ಲೇ ಕೂತಿರುತ್ತೆ. ಪುಣ್ಯಕೋಟಿ ಹಾಡು ಯಾಕೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತೆ ಹೇಳಿ? ಮೂರು–ನಾಲ್ಕರ ನಡೆ, ಭಾಮಿನಿ ಷಟ್ಪದಿಯದ್ದೂ ಅದೇ. ಮೊಸಳೆಗೆ ಅದನ್ನು ಕೊಡಿ: "ಗೆಳೆಯ ಬಾರೋ ಬೆನ್ನ ಮೇಲಕೆ". ತಕಿಟ ತಕದಿಮಿ, ತಕಿಟ ತಕದಿಮಿ, ಏಳೆಣಿಕೆಯ ಮಿಶ್ರಛಾಪು ತಾಳ. ನೀರಲ್ಲಿ ತೇಲಿದ ಹಾಗೆ ಬರುತ್ತೆ. ಕೋತಿಗೆ ಐದರ ನಡೆ, ವಾರ್ಧಕ ಷಟ್ಪದಿಯ ಥರ: "ಗುಂಡಿಗೆಯ ಮರದಲ್ಲಿ ಮರೆತೆನೋ ಗೆಳೆಯನೇ". ತಕ ತಕಿಟ ಅಂತ ಬಾಯಲ್ಲಿ ಹೇಳಿಸಿ ನೋಡಿ, ಕೊಂಬೆಯಿಂದ ಕೊಂಬೆಗೆ ಹಾರೋದು ತಾನಾಗೇ ಬರುತ್ತೆ. ಆದಿತಾಳ ಕಥೆ ಹೇಳುವ ಗುಂಪಿಗೆ ಸಾಕು.

ಪಿಟೀಲು_ಅಕ್ಕ:
ತಾಳದ ಮಾತು ಒಪ್ಪುತ್ತೇನೆ. ಆದರೆ ಪಾತ್ರಕ್ಕೊಬ್ಬ ಹಾಡುಗಾರ ಬೇಕೇ ಬೇಕು ಅಂತ ಯಾಕೆ ಅಂದುಕೊಂಡಿದ್ದೀರಿ? ಸಂಗೀತ ರಚನೆಕಾರ ಸ್ಟ್ರಾವಿನ್ಸ್ಕಿ 1916ರಲ್ಲಿ ರಷ್ಯಾದ ನರಿ–ಹುಂಜದ ಜನಪದ ಕಥೆಗಳನ್ನು ಇಟ್ಟುಕೊಂಡು 'ರೆನಾರ್' ಅಂತ ಒಂದು ಕೃತಿ ಮಾಡಿದ. ನಾಲ್ಕು ಜನ ಗಂಡಸರು ಹಾಡೋದು, ಒಂದು ಸಣ್ಣ ವಾದ್ಯಮೇಳ, ಅದರಲ್ಲಿ ನಮ್ಮ ಸಂತೂರಿನ ಜಾತಿಯ ಸಿಂಬಲೋಮ್ ಕೂಡ ಇದೆ. ಹಾಡುವವರು ವಾದ್ಯದವರ ಜೊತೆ ಇರುತ್ತಾರೆ, ಕುಣಿಯುವವರು ಬೇರೆ. ಇಂಥ ದನಿ ಇಂಥ ಪ್ರಾಣಿಯದ್ದೇ ಅಂತ ಕಟ್ಟುಪಾಡೂ ಇಲ್ಲ. ನಮಗೇನು ಹೊಸದಲ್ಲ ಬಿಡಿ, ಯಕ್ಷಗಾನದಲ್ಲಿ ಎಲ್ಲ ವೇಷದ ಪದವನ್ನೂ ಭಾಗವತರೇ ಹೇಳ್ತಾರಲ್ವಾ. ಮೊಸಳೆ ಹುಡುಗ ಸುಮ್ನೆ ತೆವಳಲಿ, ಅವನ ಹಾಡನ್ನು ಐದಾರು ಮಕ್ಕಳು ಒಟ್ಟಿಗೆ ಹಾಡಲಿ.

ಕೆಳಗಿನ ಸ್ವರ ಅವರ ಹತ್ತಿರ ಕೇಳಲೇಬೇಡಿ. ಶ್ರುತಿ ಕಪ್ಪು ಒಂದರಲ್ಲಿಟ್ಟು (ಮೊದಲ ಕಪ್ಪು ಕೀಲಿ) ಮಂದ್ರ ಪಂಚಮಕ್ಕೆ, ಅಂದ್ರೆ ಕೆಳಗಿನ 'ಪ'ಗೆ ಇಳಿಸಿದರೆ ಆ ವಯಸ್ಸಿನ ಗಂಟಲಲ್ಲಿ ಬರೀ ಗಾಳಿ ಬರುತ್ತೆ. ಮಕ್ಕಳು ಮಧ್ಯ ಷಡ್ಜದಿಂದ (ನಡುವಿನ 'ಸ') ಮೇಲೇ ಇರಲಿ. ಭಾರವೆಲ್ಲ ತಬಲಾದ ಎಡಗಡೆಯ ಡಗ್ಗಕ್ಕೆ ಮತ್ತು ಕೀಬೋರ್ಡಿನ ಎಡಗೈಗೆ ಬಿಡಿ. ಪಿಟೀಲಿನವರು ಕೊನೇ ತಂತಿ ಮೇಲೆ ಉದ್ದ ಕಮಾನು ಎಳೆದರೂ ಆಯ್ತು.

ಹಾಡಿನ_ಮೇಷ್ಟ್ರು:
ಐದರ ನಡೆ ಇವತ್ತೇ ಹೇಳಿಸಿದೆ, ಮಕ್ಕಳು ಬಿಡ್ತಾನೇ ಇಲ್ಲ! ಗುಂಪಿನಲ್ಲಿ ಹಾಡಿಸೋದೂ ಸರಿ ಅನ್ನಿಸ್ತು. ರಾಗ ಏನು ಮಾಡಲಿ? ಹೊಸದು ಕಲಿಸೋಕೆ ಟೈಮ್ ಇಲ್ಲ.

ಮದ್ದಳೆ_ಪೆಟ್ಟು:
ಮೋಹನ ಬಿಡಬೇಡಿ. ಮರದ ಕೆಳಗಿನ ಸ್ನೇಹಕ್ಕೆ ಅದೇ ಚೆಂದ. ನಡುನೀರಿಗೆ ಬಂದಾಗ ಅದೇ ಐದು ಕೀಲಿ ಇಟ್ಟುಕೊಂಡು ಮೋಹನದ ಗಾಂಧಾರವನ್ನೇ ('ಗ') ಷಡ್ಜ ಮಾಡಿ, ಹಿಂದೋಳ ರಾಗ ಆಗುತ್ತೆ. ಕೀಬೋರ್ಡಿನ ಹುಡುಗನಿಗೆ ಹೊಸ ಬೆರಳು ಕಲಿಸೋ ತಾಪತ್ರಯವೇ ಇಲ್ಲ. ಶ್ರುತಿಪೆಟ್ಟಿಗೆಯ ಸ್ವರ ಮಾತ್ರ ಹೊಸ ಷಡ್ಜಕ್ಕೆ ಬದಲಾಯಿಸಲೇಬೇಕು, ಹಳೇದೇ ಓಡ್ತಿದ್ದರೆ ಕಿವಿಗೆ ಮೋಹನವಾಗೇ ಕೇಳಿಸುತ್ತೆ.

ಪಿಟೀಲು_ಅಕ್ಕ:
ಇನ್ನೊಂದು. "ನನ್ನ ಹೆಂಡತಿಗೆ ನಿನ್ನ ಗುಂಡಿಗೆ ಬೇಕಂತೆ" ಅನ್ನೋ ಮಾತಿಗೆ ರಾಗ ಹಾಕಬೇಡಿ. ಎಲ್ಲ ವಾದ್ಯ ನಿಲ್ಲಿಸಿ, ಹುಡುಗ ಮಾತಲ್ಲೇ ಹೇಳಲಿ. ಶ್ರುತಿ ಬದಲಾಯಿಸೋಕೂ ಅಲ್ಲೇ ಜಾಗ ಸಿಗುತ್ತೆ.

ಮದ್ದಳೆ_ಪೆಟ್ಟು:
ಅಲ್ಲಿ ಡಗ್ಗ ಒಂದು ಪೆಟ್ಟಾದರೂ ಬೇಕು ಅಕ್ಕಾ!

ಪಿಟೀಲು_ಅಕ್ಕ:
ಬೇಡ. ನೀವು ಮದ್ದಳೆಯವರು ಎಲ್ಲಿ ಖಾಲಿ ಕಂಡರೂ ಬಾರಿಸ್ತೀರಿ.