ಮನೆ ಒಡೆದ ಡೆಬ್ರಿಸ್ ಲ್ಯಾಂಡ್‌ಫಿಲ್‌ಗೆ ಒಯ್ದವರು ಅನುಭವ ಹೇಳಿ

ಪ್ರಶ್ನೆ: ಬಚ್ಚಲುಮನೆ, ಅಡುಗೆಮನೆ ಎರಡನ್ನೂ ಒಡೆಸಿದ್ದೇವೆ. ಇಟ್ಟಿಗೆ, ಕಾಂಕ್ರೀಟ್, ಟೈಲ್ಸ್, ಹಳೆ ಸೀಲಿಂಗ್ ಎಲ್ಲ ಅಂಗಳದಲ್ಲಿ ಒಂದೇ ರಾಶಿಯಾಗಿ ಬಿದ್ದಿದೆ. ನಾವೇ ಗಾಡಿ ಮಾಡಿಕೊಂಡು ಲ್ಯಾಂಡ್‌ಫಿಲ್‌ಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹಾಕಿ ಬರೋಣ ಅಂತಿದ್ದೇವೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಆ ರಾಶಿಯನ್ನು ಬೇರೆ ಬೇರೆ ಮಾಡಿ. ಗಾಡಿಗೆ ತುಂಬಿದ ಮೇಲೆ ಆಗುವ ಕೆಲಸವಲ್ಲ. ನಾವು ಸುಮ್ನೆ ಎಲ್ಲ ಒಟ್ಟಿಗೆ ತುಂಬಿಕೊಂಡು ಹೋದೆವು. ಗೇಟಿನಲ್ಲಿ ಟಾರ್ಪಾಲು ಸರಿಸಿ ನೋಡಿದರು. ಮೇಲೆಲ್ಲ ಕಾಂಕ್ರೀಟ್, ಸಂದಿಯಲ್ಲಿ ಸೀಲಿಂಗಿಗೆ ಹಾಕಿದ್ದ ಜಿಪ್ಸಮ್ ಬೋರ್ಡಿನ ಬಿಳಿ ಚೂರು. ಹಾಗೇ ವಾಪಸ್ ಕಳಿಸಿದರು. ಮನೆ ಮುಂದೆ ಸುರಿದುಕೊಂಡು ಕತ್ತಲಾಗುವ ತನಕ ಆರಿಸಿದೆವು. ಮಳೆಗೆ ನೆಂದ ಬೋರ್ಡು ಹಿಟ್ಟಿನ ಹಾಗೆ ಮೆತ್ತಗಾಗಿ ಇಟ್ಟಿಗೆಗೆ ಮೆತ್ತಿಕೊಂಡಿತ್ತು. ಕರಣೆಯಲ್ಲಿ ಕೆರೆದು ಕೆರೆದು ತೆಗೆಯಬೇಕಾಯಿತು.

ಅವತ್ತು ಸಿಟ್ಟು ಬಂದಿತ್ತು. ಆದರೆ ಅವರು ಮಾಡಿದ್ದೇ ಸರಿ. ಜಿಪ್ಸಮ್‌ನಲ್ಲಿ ಸಲ್ಫೇಟ್ ಇರುತ್ತದೆ. ಹಸಿ ಕಸದ ಜೊತೆ ಗಾಳಿಯಾಡದಂತೆ ಹೂತುಬಿಟ್ಟರೆ ಬ್ಯಾಕ್ಟೀರಿಯಾಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ವಾ, ಅದೇ. ವಿಷದ ಗಾಳಿ. ಅದೇ ಬರೀ ಕಾಂಕ್ರೀಟ್, ಇಟ್ಟಿಗೆ ಆದರೆ ಪುಡಿ ಮಾಡಿ ರಸ್ತೆಯ ತಳಕ್ಕೆ ಹಾಕಬಹುದು. ಅದಕ್ಕೇ ಬೆರಕೆ ಇಲ್ಲದ ಲೋಡಿಗೆ ಎಷ್ಟೋ ಕಡೆ ದರ ಕಡಿಮೆ. ಕಬ್ಬಿಣದ ಸರಳು, ಪೈಪು ಗುಜರಿಗೆ ಕೊಡಿ.

ಇನ್ನು ತೂಕ. ಗಟ್ಟಿ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,400 ಕೆಜಿ ತೂಗುತ್ತದೆ. ಒಡೆದ ಚೂರುಗಳ ನಡುವೆ ಸಂದಿ ಇರುವುದರಿಂದ ಅದಕ್ಕಿಂತ ಕಡಿಮೆ, ಆದರೂ ಒಂದು ಟನ್ನಿಗಿಂತ ಜಾಸ್ತಿಯೇ. ಗಾಡಿ ಅರ್ಧ ಖಾಲಿ ಕಾಣುತ್ತದೆ ಅಂತ ತುಂಬುತ್ತಾ ಹೋಗಬೇಡಿ. ರಾಶಿಗೆ ಈಗಲೇ ಟಾರ್ಪಾಲು ಹೊದಿಸಿ. ತೂಕದ ಮೇಲೆ ದುಡ್ಡು ತೆಗೆದುಕೊಳ್ಳುವ ಕಡೆ, ನೆಂದ ಮಣ್ಣಿನ ನೀರಿಗೂ ನೀವೇ ಕೊಡಬೇಕು.

ಇನ್ನೊಬ್ಬರು: ಹಳೆ ಸಿಮೆಂಟ್ ಶೀಟ್ ಇದ್ದರೆ ದಯವಿಟ್ಟು ಒಡೆಯಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಡೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಎದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾನ್ಸರ್ ಬರುವುದು ಎಷ್ಟೋ ವರ್ಷಗಳ ಮೇಲೆ. ಗೊತ್ತಿರುವವರಿಂದಲೇ ತೆಗೆಸಿ. ಅವರು ನೀರು ಚಿಮುಕಿಸಿ, ಇಡೀ ಶೀಟನ್ನೇ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತುತ್ತಾರೆ. ಎಲ್ಲ ಕಡೆ ಅದನ್ನು ತೆಗೆದುಕೊಳ್ಳುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಪ್ರಶ್ನೆ ಕೇಳಿದವರು: ಹಿತ್ತಲಿನ ಶೆಡ್ಡಿಗೆ ಅಂಥದೇ ಶೀಟ್ ಇದೆ. ನಾಳೆ ಕೆಡವುವವರಿದ್ದೆವು, ಈಗ ನಿಲ್ಲಿಸಿದ್ದೇವೆ. ಸೀಲಿಂಗ್ ಚೂರು ಆರಿಸಿ ಚೀಲಕ್ಕೆ ಹಾಕುತ್ತಿದ್ದೇವೆ. ಸದ್ಯ, ಇನ್ನೂ ಒಣಗಿದ ಹಾಗೇ ಇದೆ.