ಅಪ್‌ಡೇಟ್: ಮಂಚಕ್ಕೆ ಹೊಂದುವ ತೊಟ್ಟಿಲು ಕೊಂಡೆವು, ಆದರೆ ಮಂಚಕ್ಕೆ ಜೋಡಿಸಲಿಲ್ಲ

ರಾತ್ರಿ ಹಾಲೂಡಿಸಲು ಅನುಕೂಲವಾಗುವಂತೆ ಮಂಚದ ಪಕ್ಕಕ್ಕೆ ಯಾವ ತೊಟ್ಟಿಲು ಸುರಕ್ಷಿತ ಎಂದು ಹತ್ತು ದಿನಗಳ ಹಿಂದೆ ಹುಬ್ಬಳ್ಳಿಯಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

‘ಅಳತೆಪಟ್ಟಿ ಹಿಡಿದೇ ಅಂಗಡಿಗೆ ಹೋಗಿ’ ಎಂದ ಅಕ್ಕನವರ ಮಾತು ನಮ್ಮನ್ನು ಕಾಪಾಡಿತು. ನಾನು ಮೆಚ್ಚಿದ್ದ ಮರದ ತೊಟ್ಟಿಲಿನ ಕಂಬಿಗಳ ನಡುವೆ 8 ಸೆಂ.ಮೀ. ಸಂದು ಇತ್ತು. 6 ಸೆಂ.ಮೀ. ಮೀರಿದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಭಯ. ಕೊನೆಗೆ ಜಾಲರಿ ಬದಿಯ, ಮಂಚದ ಕಡೆಗೆ ತೆರೆಯುವ ನಾಲ್ಕನೆಯ ಬದಿಯನ್ನೂ ಏರಿಸಬಹುದಾದ ತೊಟ್ಟಿಲು ತಂದೆವು.

ಮನೆಗೆ ಬಂದ ಮೇಲೆ ಹೊಸ ತೊಡಕು. ನಮ್ಮ ಹಳೆಯ ತೇಗದ ಮಂಚದ ಚೌಕಟ್ಟು ಹಾಸಿಗೆಗಿಂತ ಎರಡು ಬೆರಳು ಹೊರಗಿದೆ. ತೊಟ್ಟಿಲನ್ನು ಮಂಚಕ್ಕೆ ಕಟ್ಟುವ ಪಟ್ಟಿ ಎಷ್ಟು ಬಿಗಿದರೂ ನಡುವಿನ ಸಂದು ಮುಚ್ಚಲಿಲ್ಲ. ಸಂದಿಗೆ ಟವೆಲ್ ತುರುಕುವ ಸಲಹೆಯನ್ನು ಮಕ್ಕಳ ವೈದ್ಯರು ಖಡಾಖಂಡಿತವಾಗಿ ಬೇಡವೆಂದರು. ಅದು ಸರಿದರೆ ಮಗುವಿನ ಮುಖ ಅಲ್ಲೇ ಹೂತುಹೋಗಬಹುದು. ಈಗ ನಾಲ್ಕೂ ಬದಿ ಏರಿಸಿ, ತೊಟ್ಟಿಲನ್ನು ಕೈಯಳತೆಯಲ್ಲಿ ಇಟ್ಟಿದ್ದೇವೆ. ಎದ್ದು ಕೂತರೆ ಮಗು ಕೈಗೆ ಸಿಗುತ್ತದೆ, ಅಷ್ಟು ಸಾಕು.

ನಾನು ಎಣಿಸದೇ ಇದ್ದದ್ದು ಕೌದಿಯ ವಿಷಯ. ಹಳೆಯ ಇಳಕಲ್ ಸೀರೆಗಳಿಂದ ಅವ್ವ ತಿಂಗಳುಗಟ್ಟಲೆ ಕೂತು ಹೊಲಿದದ್ದು. ಅಂಗೈ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗೆ. ಆದರೆ ತೊಟ್ಟಿಲಲ್ಲಿ ಗಟ್ಟಿಯಾದ ಸಮತಟ್ಟು ಹಾಸಿಗೆ, ಅದರ ಮೇಲೆ ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅಂಗಾತ ಮಲಗಿದ ಮಗು, ಇಷ್ಟೇ ಇರಬೇಕು. ದಿಂಬು, ಕೌದಿ ಏನೂ ಬೇಡ ಎಂದರು ವೈದ್ಯರು. ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಮಡಚಿ ತೆಗೆದರು. ಈಗ ಬೆಳಿಗ್ಗೆ ಪಡಸಾಲೆಯಲ್ಲಿ ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ.