ಪುಟ್ಟಿ ಮಾತ್ರೆ ನಿಲ್ಲಿಸುವುದು ಬೇಡ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ಬೆಳಿಗ್ಗೆನೇ ನೋಡಿದೆ. ‘ಲೂಪಸ್ ಇದ್ದವರಿಗೆ ಕ್ಯಾನ್ಸರ್ ಬರುತ್ತಂತೆ, ನಮ್ಮಂಥ ಕಂದು ಬಣ್ಣದವರಿಗೆ ಬಿಳಿಯರಿಗಿಂತ ಜಾಸ್ತಿಯಂತೆ, ಪುಟ್ಟಿಯ ಲೂಪಸ್ ಮಾತ್ರೆ ನಿಲ್ಲಿಸಲಾ’ ಅಂತ ಕೇಳಿದ್ದೀರಿ. ಅವಳು ನ್ಯೂಜೆರ್ಸಿಯಲ್ಲಿ ಒಬ್ಬಳೇ ಇದ್ದಾಳೆ, ನಿಮಗೆ ಹೇಗಾಗಿರಬಹುದು ಅಂತ ಗೊತ್ತು. ರೋಗ ತಡೆಯಬೇಕಾದ ಶಕ್ತಿಯೇ ನಮ್ಮ ದೇಹದ ಮೇಲೆ ತಿರುಗಿಬೀಳುವ ಈ ಲೂಪಸ್ ಜೊತೆ ಹದಿನೈದು ವರ್ಷದಿಂದ ನಾನೂ ಇದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಪೂರ್ತಿ ಕೇಳಿ.

ಮೊದಲು ಮಾತ್ರೆ ವಿಷಯ. ನಿಲ್ಲಿಸಲೇಬಾರದು. ಲೂಪಸ್ ಕೆರಳಿ ಕಿಡ್ನಿಗೆ ಇಳಿದರೆ ಅದೇ ದೊಡ್ಡ ಅಪಾಯ.

ಇನ್ನು ಕ್ಯಾನ್ಸರ್. ಬೇರೆ ಬೇರೆ ದೇಶಗಳ 30 ಕೇಂದ್ರಗಳ 16,409 ಲೂಪಸ್ ರೋಗಿಗಳನ್ನು ನೋಡಿ 2013ರಲ್ಲಿ ಒಂದು ಲೆಕ್ಕ ಬಂತು. ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ 100 ಜನಕ್ಕೆ ಕ್ಯಾನ್ಸರ್ ಬರುವ ಕಡೆ, ಇವರಲ್ಲಿ ಸುಮಾರು 114 ಜನಕ್ಕೆ ಬಂದಿತ್ತು. ಅಷ್ಟೇ. ಆದರೆ ಎಲ್ಲಾ ಕ್ಯಾನ್ಸರ್ ಒಂದೇ ಥರ ಅಲ್ಲ. ನಾನ್ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ಕುತ್ತಿಗೆ, ಕಂಕುಳಲ್ಲಿರುವ ದುಗ್ಧಗ್ರಂಥಿಗಳಂಥ ಕಡೆ ಬರುವ ಒಂದು ಕ್ಯಾನ್ಸರ್, ನಾಲ್ಕು ಪಟ್ಟಿಗಿಂತ ಜಾಸ್ತಿ. ಸ್ತನದ ಕ್ಯಾನ್ಸರ್ ಇವರಲ್ಲಿ ಕಡಿಮೆ! ನನಗೂ ಮೊದಲ ಸಲ ಓದಿದಾಗ ನಂಬಿಕೆ ಬರಲಿಲ್ಲ. ಲಿಂಫೋಮಾ ಮೊದಲೇ ಅಪರೂಪ, ನಾಲ್ಕು ಪಟ್ಟಾದರೂ ಅದು ಬರುವವರು ಕೆಲವರೇ.

ಬಣ್ಣದ ವಿಷಯಕ್ಕೆ ಬರೋಣ. ತೈವಾನ್‌ನಲ್ಲಿ ಇಡೀ ದೇಶದ ವಿಮೆ ದಾಖಲೆ ಹಿಡಿದು ಮಾಡಿದ ಲೆಕ್ಕದಲ್ಲಿ ಈ ಅಪಾಯ ಜಾಸ್ತಿ ಕಂಡಿತ್ತು, 100ಕ್ಕೆ 176. ಅದನ್ನು ನೋಡಿ ‘ಏಷ್ಯಾದವರಿಗೆ ಜಾಸ್ತಿ’ ಅಂದುಬಿಡುತ್ತಾರೆ. ಆದರೆ 2013ರ ಲೆಕ್ಕ ಲೂಪಸ್ ಕ್ಲಿನಿಕ್‌ಗಳದ್ದು, ತೈವಾನ್‌ನದು ವಿಮೆಯದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಜನಾಂಗವನ್ನು ಅಳೆಯೋಕಾಗಲ್ಲ ಅಲ್ವಾ?

ಒಂದು ವಿಷಯ ಮಾತ್ರ ನಿಜ. ಕಪ್ಪು, ಏಷ್ಯನ್, ಹಿಸ್ಪಾನಿಕ್ ಹೆಂಗಸರಿಗೆ ಲೂಪಸ್ ಬರುವುದೇ ಬಿಳಿಯರಿಗಿಂತ ಜಾಸ್ತಿ, ಕಿಡ್ನಿಗೆ ಇಳಿಯುವುದೂ ಜಾಸ್ತಿ. ಕಿಡ್ನಿಗೆ ಇಳಿದರೆ ಸೈಕ್ಲೋಫಾಸ್ಫಮೈಡ್ ಥರ ಗಟ್ಟಿ ಔಷಧಿ ಬೇಕಾಗಬಹುದು. ಅದು ಜಾಸ್ತಿ ದಿನ, ಜಾಸ್ತಿ ಪ್ರಮಾಣದಲ್ಲಿ ಹೋದರೆ ಮೂತ್ರಕೋಶದ ಕ್ಯಾನ್ಸರ್‌ಗೆ ದಾರಿಯಾಗಬಹುದು. ಅದಕ್ಕೇ ನನ್ನ ಮಟ್ಟಿಗೆ ಚರ್ಮದ ಬಣ್ಣಕ್ಕಿಂತ ಕಾಯಿಲೆಯನ್ನು ಬೇಗ ಹಿಡಿತಕ್ಕೆ ತರುವುದು ಮುಖ್ಯ.

ನನ್ನದೇ ಹೇಳುತ್ತೇನೆ. ಒಂದು ದಿನ ಜಡೆ ಹೆಣೆಯುವಾಗ ದವಡೆ ಕೆಳಗೆ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಲೂಪಸ್‌ನಲ್ಲಿ ಗಂಟು ಊದುತ್ತದೆ, ಇದೂ ಹಾಗೇ ಅಂತ ಎರಡು ತಿಂಗಳು ಸುಮ್ನೆ ಇದ್ದೆ. ಅದು ಇಳಿಯಲಿಲ್ಲ. ಕೊನೆಗೆ ಸೂಜಿ ಹಾಕಿ, ಆಮೇಲೆ ಸಣ್ಣ ಆಪರೇಷನ್ ಮಾಡಿ ತೆಗೆದು ನೋಡಿದರು. ರಿಪೋರ್ಟ್ ಬರುವ ತನಕ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ಲಿಂಫೋಮಾ ಇರಲಿಲ್ಲ, ಲೂಪಸ್‌ದೇ. ಪುಟ್ಟಿಗೆ ಅಷ್ಟು ದಿನ ಕಾಯಬೇಡ ಅನ್ನಿ. ಇಳಿಯದ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಡಾಕ್ಟರಿಗೆ ಹೇಳಲಿ.

ಇನ್ನೊಂದು ಅತ್ತಿಗೆ, ಹೇಳಲು ನಾಚಿಕೆ ಪಡಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಗರ್ಭಕೋಶದ ಬಾಯಿಯಲ್ಲಿ, ಅಲ್ಲಿ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಸುಲಭವಾಗಿ ಉಳಿದುಬಿಡುತ್ತದೆ. ಅದನ್ನು ತಡೆಯಲು ಲಸಿಕೆ ಇದೆ. ಅದರಲ್ಲಿ ಜೀವಂತ ವೈರಸ್ ಇಲ್ಲ, ಲೂಪಸ್ ಇದ್ದವರೂ ಹಾಕಿಸಿಕೊಳ್ಳಬಹುದು. ಅಮೆರಿಕದಲ್ಲಿ 26 ವರ್ಷದವರೆಗೂ ಹಾಕಿಸಿಕೊಳ್ಳಿ ಅನ್ನುತ್ತಾರೆ. ಅವಳಿಗೆ ಇನ್ನೂ 24. ಗರ್ಭಕೋಶದ ಬಾಯಿಯನ್ನು ಪರೀಕ್ಷಿಸುವ ಪ್ಯಾಪ್ ಟೆಸ್ಟ್ ಎಷ್ಟು ವರ್ಷಕ್ಕೊಮ್ಮೆ ಅಂತ ಅಲ್ಲಿನ ಡಾಕ್ಟರನ್ನೇ ಕೇಳಲಿ.

ಅವಳ ಗೆಳತಿಯರು ಸಿಗರೇಟ್ ಸೇದುತ್ತಾರೆ ಅಂದಿದ್ದಿರಿ. ಅದರಿಂದ ದೂರ ಇರಲಿ.

ಇವತ್ತು ರಾತ್ರಿ ಅಲ್ಲಿ ಬೆಳಗಾದ ಮೇಲೆ ಅವಳಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಮಾತ್ರೆ ಡಬ್ಬಿಗಳನ್ನೆಲ್ಲಾ ಎದುರಿಗೆ ಇಟ್ಟುಕೊಂಡು ಕೂತಿರಲು ಹೇಳಿ.